ರಿಪೇರಿ ಸುಧ ಅವರದು, ಟ್ರಯಲ್ ಬೇರೆಯವರದು

ಬೆಳಗಿನ ಆರು ಗಂಟೆ. ಜಕ್ಕನಹಳ್ಳಿ ಕ್ರಾಸಿನ ಟೀ ಅಂಗಡಿಯವರು ಈಗಷ್ಟೇ ಸ್ಟೌ ಹಚ್ಚುತ್ತಿದ್ದಾರೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ಸುಧ ಆಗಲೇ ಒಂದು ಬಿಳಿ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಸೈಲೆನ್ಸರ್ ಬಾಯಿಗೆ ಅಂಗೈ ಒಡ್ಡಿದ್ದಾರೆ. ಒಳಗೆ ಕೂತ ಗಂಡ ಸಿದ್ದೇಶ ಆಕ್ಸಿಲರೇಟರ್ ತುಳಿಯುತ್ತಾರೆ. ಇಂಜಿನ್ ತಿಣುಕುತ್ತದೆಯೇ ಹೊರತು ಮೇಲೆ ಏಳುವುದಿಲ್ಲ. ಅಂಗೈಗೆ ತಾಗುವುದು ದೀಪ ಆರಿಸಲೂ ಸಾಲದಷ್ಟು ಗಾಳಿ.

"ಉಸ್ರು ಕಟ್ಕಂಡದೆ," ಅನ್ನುತ್ತಾರೆ ಸುಧ. ಕೈ ಒರೆಸಿಕೊಂಡು ಬಾನೆಟ್ ಕಡೆ ನಡೆಯುತ್ತಾರೆ.

ಕಾರು ಬೆಳಗೊಳದ ಶಿವಶಂಕರ್ ಅವರದು. ಗದ್ದೆ, ಎಂಟು ಹಸು, ತುಂಬಿದ ಮನೆ. ಮೇಲುಕೋಟೆಗೆ ಹೊರಟವರ ಕಾರು ನಿನ್ನೆ ಸಂಜೆ ಬೆಟ್ಟದ ಮೊದಲ ತಿರುವಿನಲ್ಲೇ ನಿಂತುಬಿಟ್ಟಿತು. ಒಂದು ತಿಂಗಳಿಂದ ಇದೇ ಪಾಡು. ಮೈಸೂರಿನ ದೊಡ್ಡ ಗ್ಯಾರೇಜಿನಲ್ಲಿ ಪ್ಲಗ್ಗು, ಕಾಯಿಲ್ಲು, ಪೆಟ್ರೋಲ್ ಪಂಪು ಎಲ್ಲ ಬದಲಾಯಿಸಿದ್ದಾರೆ. ಸಪಾಟು ರಸ್ತೆಯಲ್ಲಿ ಹೇಗೋ ಓಡುತ್ತದೆ, ಏರು ಬಂದರೆ ಕೂತುಬಿಡುತ್ತದೆ.

ಶೆಡ್ಡಿನ ಬೋರ್ಡಿನಲ್ಲಿ ಇರುವುದು ಸಿದ್ದೇಶ ಅವರ ಹೆಸರು. ನಾಲ್ಕು ವರ್ಷದ ಹಿಂದೆ ಟ್ರಾಕ್ಟರಿನ ಗೇರ್‌ಬಾಕ್ಸ್ ಜಾರಿ ಅವರ ಬಲಗೈ ಮೇಲೆ ಬಿತ್ತು. ಅಂದಿನಿಂದ ಆ ಕೈ ಸ್ಪಾನರ್ ಹಿಡಿದಿಲ್ಲ, ಸ್ಟೀರಿಂಗ್ ತಿರುಗಿಸಿಲ್ಲ. ಅದಕ್ಕೂ ಮುಂಚಿನ ಐದು ವರ್ಷ ಪಕ್ಕದಲ್ಲಿ ನಿಂತು ಸಾಮಾನು ಎತ್ತಿಕೊಡುತ್ತಿದ್ದ ಸುಧ, ಗಂಡ ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ಕಾರಿನ ಕೆಳಗೆ ಮಲಗಿದರು. ದಿನಕ್ಕೆ ಎರಡು ಗಾಡಿ, ಹಬ್ಬದ ಸಮಯದಲ್ಲಿ ನಾಲ್ಕು. ಗಂಡ ಹೇಳಿಕೊಟ್ಟಂತೆ ಸ್ಪಾನರ್ ತಿರುಗಿಸುವವರು ಅಂತಲೇ ಗಿರಾಕಿಗಳ ಲೆಕ್ಕ. ಡ್ರೈವಿಂಗ್ ಲೈಸೆನ್ಸೂ ಮಾಡಿಸಿಕೊಂಡರು. ಆದರೆ ರಿಪೇರಿ ಮಾಡಿದ ಗಾಡಿಯನ್ನು ತಾವೇ ಓಡಿಸಿ ನೋಡಿದ್ದು ಇಲ್ಲಿಯವರೆಗೆ ಒಂದೇ ಒಂದು ಸಲವೂ ಇಲ್ಲ. ಯಾರೂ ಬಿಡುವುದಿಲ್ಲ. ಇಂಜಿನ್ನಿನ ಎಳೆತ ಗೊತ್ತಾಗುವುದು ಬೆಟ್ಟದ ಏರಿನಲ್ಲಿ. ಆ ಏರು ಇರುವುದು ಶೆಡ್ಡಿನಿಂದ ಕೂಗಳತೆಯಲ್ಲಿ.

ಏಳೂವರೆ ಬಸ್ಸಿಗೆ ಶಿವಶಂಕರ್, ತಾಯಿ ಅಣ್ಣಮ್ಮ ಅವರ ಜೊತೆ, ಇಳಿಯುತ್ತಾರೆ. ಬಂದವರೇ ಸಿದ್ದೇಶ ಅವರ ಮುಂದೆ ನಿಂತು ಕಾರಿನ ಕಥೆ ಪೂರ್ತಿ ಹೇಳುತ್ತಾರೆ. ಸಿದ್ದೇಶ ತಲೆಯಾಡಿಸುತ್ತಾರೆ. ಸುಧ ಮಾತ್ರ ಅಣ್ಣಮ್ಮನವರಿಗೆ ಟೀ ತರಿಸಿ ಹತ್ತಿರ ಕೂರುತ್ತಾರೆ. ಗಂಡಸರು ಗಾಡಿ ಎಷ್ಟು ಮೈಲೇಜ್ ಕೊಡುತ್ತದೆ ಅಂತ ಹೇಳುತ್ತಾರೆ, ಏನಾಯಿತು ಅಂತ ಹೇಳುವುದು ಹಿಂದಿನ ಸೀಟಿನ ಹೆಂಗಸರು. ಇದು ಸುಧ ಕಂಡುಕೊಂಡಿರುವುದು.

"ಅವ್ವಾ, ಇದು ಸುರುವಾಗಕ್ ಮುಂಚೆ ಗಾಡಿ ಅಡೀಲಿ ಏನಾರ ಆಗಿತ್ತಾ?"

ಅಣ್ಣಮ್ಮ ಮಗನ ಕಡೆ ಒಮ್ಮೆ ನೋಡುತ್ತಾರೆ. "ನಾಗಮಂಗಲದ್ ರೋಡಲ್ಲಿ ಉಳ್ಳಿ ಅರಡಿದ್ರು ಕಣವ್ವ. ಅದ್ರ ಮ್ಯಾಲೇ ಓಡುಸ್ದ. ಸೊಪ್ಪು ಸಿಕ್ಕಾಕಂಡು ಒಗೆ ಬಂದ್ಬುಡ್ತು. ನಾನೇ ಎರಡು ಬಿಂದ್ಗೆ ನೀರು ಉಯ್ದೆ. ಇವ್ನು ಯಾರ್ಗೂ ಯೋಳ್ಬ್ಯಾಡ ಅಂದಿದ್ದ."

ಹುರುಳಿ ಕಟಾವಿನ ಕಾಲದಲ್ಲಿ ಟಾರು ರಸ್ತೆಯೇ ಕಣ. ಹರಡಿದ ಗಿಡದ ಮೇಲೆ ಗಾಡಿಗಳು ಓಡಿದರೆ ಒಕ್ಕಣೆ ಮುಗಿಯುತ್ತದೆ. ಒಣ ಸೊಪ್ಪು ಕಾದ ಸೈಲೆನ್ಸರಿಗೆ ಸುತ್ತಿಕೊಂಡರೆ ಬೆಂಕಿ. ಹೊಗೆ ಶುದ್ಧ ಮಾಡುವ ಡಬ್ಬಿಯೊಂದು ಅದೇ ಪೈಪಿನಲ್ಲಿರುತ್ತದೆ. ಒಳಗೆ ಜೇನುಗೂಡಿನಂಥ ಪಿಂಗಾಣಿ. ಕೆಂಡದಂತೆ ಕಾದ ಆ ಡಬ್ಬಿಗೆ ತಣ್ಣೀರು ಬಿದ್ದರೆ ಪಿಂಗಾಣಿ ಸೀಳುತ್ತದೆ, ಚೂರುಗಳು ದಾರಿಗೆ ಅಡ್ಡ ಕೂರುತ್ತವೆ. ಹೊಗೆ ಹೊರಹೋಗದಿದ್ದರೆ ಇಂಜಿನ್ ಎಳೆಯುವುದಾದರೂ ಹೇಗೆ?

ಸುಧ ಡಬ್ಬಿಗಿಂತ ಮುಂದಿನ ಸೆನ್ಸರ್ ಬಿಚ್ಚಿ ಕಾರು ಸ್ಟಾರ್ಟ್ ಮಾಡುತ್ತಾರೆ. ಆ ತೂತಿನಿಂದ ಹೊಗೆ ಬುಸುಗುಟ್ಟುತ್ತದೆ, ಇಂಜಿನ್ ಒಂದೇ ಏಟಿಗೆ ಗರ್ಜಿಸುತ್ತದೆ. ಅನುಮಾನವೇ ಇಲ್ಲ. ಡಬ್ಬಿ ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು.

ಮಧ್ಯಾಹ್ನದ ಬಸ್ಸಿನಲ್ಲಿ ಮೈಸೂರಿನಿಂದ ಹೊಸ ಡಬ್ಬಿ ಬರುತ್ತದೆ. ಮೂರು ಗಂಟೆಗೆ ಕೆಲಸ ಮುಗಿಯುತ್ತದೆ. ಇನ್ನು ಟ್ರಯಲ್. ಸುಧ ಕೈ ತೊಳೆದು, ಬ್ಯಾಗಿನಿಂದ ಲೈಸೆನ್ಸ್ ತೆಗೆದು, ಏರಿನಲ್ಲಿ ತಾವೇ ಒಮ್ಮೆ ನೋಡುವುದಾಗಿ ಹೇಳುತ್ತಾರೆ. ಶಿವಶಂಕರ್ ನಗುತ್ತಾರೆ.

"ಕೊಡ್ಲಾ, ಆ ಉಡ್ಗಿ ಓಡುಸ್ಲಿ," ಅನ್ನುತ್ತಾರೆ ಅಣ್ಣಮ್ಮ.

"ಬೆಟ್ಟದ್ ಏರು ಕಣವ್ವ. ಎಂಗುಸ್ರ ಕೈಲಿ ಗಾಡಿ ಕೊಟ್ಟು ನಾನ್ ಪಕ್ದಲ್ ಕುಂತ್ಕಳನಾ? ಸಿದ್ದೇಶಣ್ಣ, ನೀನ್ ಬಾ. ಕುಂತ್ಕಂಡು ಸದ್ದು ಕೇಳು."

ಸಿದ್ದೇಶ ಹೆಂಡತಿಯ ಮುಖ ನೋಡುತ್ತಾರೆ. ಎರಡು ವರ್ಷದ ಹಿಂದೆ ಕಿಕ್ಕೇರಿಯ ಗಿರಾಕಿಯೊಬ್ಬನಿಗೆ ಇಲ್ಲಿ ಕೆಲಸವೆಲ್ಲ ಮಾಡುವುದು ನಮ್ಮ ಸುಧ ಅಂತ ಅವರು ಹೇಳಿಬಿಟ್ಟಿದ್ದರು. ಆತ ಅರ್ಧ ಬಿಚ್ಚಿದ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದ. ಆ ತಿಂಗಳು ಶೆಡ್ಡಿಗೆ ಬಂದ ಗಾಡಿಗಳು ಮೂರೇ ಮೂರು. ಇನ್ನು ಮೇಲೆ ಬಾಯಿ ಬಿಡಬೇಡ ಅಂತ ಗಂಡನಿಗೆ ತಾಕೀತು ಮಾಡಿದ್ದು ಸುಧ ಅವರೇ. ಈಗಲೂ ಅವರೇ ಕಣ್ಣಲ್ಲಿ ಹೋಗು ಅನ್ನುತ್ತಾರೆ. ಲೋಡ್ ಇದ್ದರೆ ನಿಜ ಗೊತ್ತಾಗುತ್ತದೆ ಅಂತ ಅಣ್ಣಮ್ಮನವರನ್ನೂ ಹತ್ತಿಸುತ್ತಾರೆ.

ಕಾರು ಹೋಗುತ್ತದೆ. ಸುಧ ರಸ್ತೆ ಅಂಚಿನಲ್ಲಿ ಕಿವಿಗೊಟ್ಟು ನಿಲ್ಲುತ್ತಾರೆ.

"ಮೂರ್ನೇ ಗೇರು," ಅನ್ನುತ್ತಾರೆ ಯಾರಿಗೂ ಅಲ್ಲದೆ. ತಿರುವು ದಾಟಿದ ಮೇಲೂ ಸದ್ದು ಬದಲಾಗುವುದಿಲ್ಲ. "ಗೇರ್ ಇಳುಸ್ಲಿಲ್ಲ. ಎಳೀತಾದೆ."

ಅರ್ಧ ಗಂಟೆಗೆ ಕಾರು ವಾಪಸ್ಸು. ಶಿವಶಂಕರ್ ಇಳಿಯುವಾಗಲೇ ಫೋನಿನಲ್ಲಿದ್ದಾರೆ. "ಸಿದ್ದೇಶಣ್ಣ ಅಂತ ಅವ್ರೆ ಕಣ್ಲಾ. ಮೈಸೂರ್‌ನೋರ್ ಕೈಲಿ ಆಗ್ದಿದ್ದ ಒಂದೇ ದಿನ್ದಲ್ಲಿ ಇಡ್ದಾಕ್ಬುಟ್ರು." ಸಿದ್ದೇಶ ನೆಲ ನೋಡುತ್ತಾ ನಿಲ್ಲುತ್ತಾರೆ.

ಅಣ್ಣಮ್ಮ ನಿಧಾನಕ್ಕೆ ಇಳಿದು ಬಂದು ಸುಧ ಅವರ ಗ್ರೀಸಿನ ಕೈ ಹಿಡಿದುಕೊಳ್ಳುತ್ತಾರೆ. ಬೇಜಾರು ಮಾಡ್ಕೋಬೇಡ, ಹೆಸರು ಯಾರದಾದರೇನು, ಯಾರು ಮಾಡಿದ್ದು ಅಂತ ದೇವರಿಗೆ ಗೊತ್ತಲ್ಲ, ಅಷ್ಟು ಸಾಕಲ್ವಾ ಅಂತ ಕೇಳುತ್ತಾರೆ.

ಸುಧ ಕೈ ಬಿಡಿಸಿಕೊಳ್ಳುವುದಿಲ್ಲ.

"ಸಾಕಾಗಕಿಲ್ಲ ಕಣವ್ವ. ಎಸ್ರು ಬ್ಯಾಡ ಅನ್ನೋ ಅಷ್ಟು ದೊಡ್ ಮನ್ಸು ನಂಗಿಲ್ಲ. ಎಸ್ರೂ ಬೇಕು, ಆ ಏರೂ ಬೇಕು."