ಭಾವನ ಹಳೇ ಬೋಟು

ಕಳೆದ ಭಾನುವಾರ ನನ್ನನ್ನು ಬೈರಕೂರಿಗೆ ಕರೆಸಿಕೊಂಡಿದ್ದು ನನ್ನ ತೂಕಕ್ಕಾಗಿ!

ತಮಾಷೆಯಲ್ಲ. "ನೀನೂ ಬಾಮ್ಮಾ, ಬೋಟ್ ಹಿಂದ್ಗಡೆ ಭಾರ ಸಾಲ್ತಿಲ್ಲ" ಎಂದು ಅಕ್ಕನ ಗಂಡ, ನನ್ನ ಭಾವ, ಫೋನ್ ಮಾಡಿದರು. (ಹೆಂಗಸರ ತೂಕದ ಬಗ್ಗೆ ಇಷ್ಟು ನೇರವಾಗಿ ಮಾತಾಡಿಯೂ ಬದುಕುಳಿದ ಗಂಡಸು ಇವರೊಬ್ಬರೇ.)

ಭಾವನದು ಮಾವಿನ ತೋಟ. ಈಜು ಗೊತ್ತು, ಬೋಟು ಗೊತ್ತಿಲ್ಲ. ಅಂಥವರು ಯಾವುದೋ ರೆಸಾರ್ಟಿನವರು ಮಾರಿದ ಹಳೇ ಫೈಬರ್ ಬೋಟನ್ನು, ಹಿಂದೆ ತಗುಲಿಸುವ ಮೋಟರ್ ಸಮೇತ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹೇರಿಕೊಂಡು ಬಂದರು. ಯಾಕೆ? ಮಗಳು ಅನಿತಾಗಾಗಿ.

ಅನಿತಾ ಮದುವೆ ಮುರಿದು ತವರಿಗೆ ಬಂದು ವರ್ಷವಾಗುತ್ತ ಬಂತು. ಮಾತು ಕಡಿಮೆ, ನಗು ಇಲ್ಲವೇ ಇಲ್ಲ. ಫೋನಿನಲ್ಲಿ ವೇಕ್‌ಬೋರ್ಡಿಂಗ್ ವಿಡಿಯೋಗಳನ್ನು ಮಾತ್ರ ನೋಡುತ್ತ ಕೂರುತ್ತಿದ್ದಳು. ಕಾಲಿಗೆ ಹಲಗೆ ಬಿಗಿದುಕೊಂಡು, ಬೋಟಿಗೆ ಕಟ್ಟಿದ ಹಗ್ಗ ಹಿಡಿದು, ಬೋಟು ಎಬ್ಬಿಸಿದ ಅಲೆಯ ಮೇಲೆ ನಿಂತು ಸಾಗುವ ಆಟ ಅದು. ಕಾಲೇಜಿನ ಕ್ಯಾಂಪಿನಲ್ಲಿ ಕಲಿತಿದ್ದಳಂತೆ. ಮಗಳ ಹತ್ತಿರ ಕೂತು ಮಾತಾಡಲು ಬಾರದ ಅಪ್ಪಂದಿರು ಹೀಗೇ ಏನಾದರೂ ರಿಪೇರಿಗೆ ಇಳಿಯುತ್ತಾರೆ, ಅಲ್ವಾ?

ಕಾರ್ಬುರೇಟರ್ ಬಿಚ್ಚಿ ತೊಳೆದರು. ಪ್ಲಗ್ ಬದಲಾಯಿಸಿದರು. ಹಗ್ಗವನ್ನು ಮೋಟರಿಗೆ ಕಟ್ಟಬಾರದು, ಎತ್ತರದಲ್ಲಿ ಕಟ್ಟಬೇಕು ಎಂದಳು ಮಗಳು. ಬೋರ್‌ವೆಲ್ಲಿನ ಹಳೇ ಪೈಪು ಬೋಟಿನ ನಡುವೆ ಕಂಬವಾಗಿ ನಿಂತಿತು. ಅಲೆ ದೊಡ್ಡದಾಗಲು ಹಿಂದೆ ಭಾರ ಬೇಕು ಎಂದಳು. ಮರಳು ಮೂಟೆ ಬಂದವು. ಸಾಲದೆ ಅಕ್ಕನನ್ನು ಕೂರಿಸಿದರು. ಅದೂ ಸಾಲದೆ ನಾನು.

ಇನ್ನು ಪೂಜೆ. ವಾಹನ ಅಂದಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ, ಬೋಟಿಗೆ ಚಕ್ರ ಎಲ್ಲಿದೆ? ಕೊನೆಗೆ ಟ್ರೈಲರಿನ ಚಕ್ರಕ್ಕೇ ಇಟ್ಟರು. (ಊರ ಕೆರೆಯಲ್ಲಿ ಬೋಟು ಬಿಡಲು ಪಂಚಾಯಿತಿಯವರ ಒಪ್ಪಿಗೆಯನ್ನೂ ಪಡೆದಿದ್ದರು, ಗಾಬರಿಯಾಗಬೇಡಿ.)

ಇಷ್ಟರ ನಡುವೆ ಒಂದು ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅನಿತಾಗೆ ಮಾಲೂರಿನ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಅಲ್ಲೇ ರೂಮ್ ಮಾಡಿಕೊಂಡು ಇರುತ್ತೇನೆ ಅನ್ನುತ್ತಾಳೆ. ಸೋಮವಾರ ಉತ್ತರ ಹೇಳಬೇಕು. ಭಾವನದು ಒಂದೇ ಪಲ್ಲವಿ: "ಈಗ್ಲೇ ಬೇಡಮ್ಮಾ, ಸ್ವಲ್ಪ ದಿನ ಸುಧಾರಿಸ್ಕೋ." ಒಮ್ಮೆ ಪೆಟ್ಟು ತಿಂದು ಬಂದ ಮಗಳನ್ನು ಮತ್ತೆ ಹೊರಗೆ ಕಳಿಸಲು ಅವರಿಗೆ ಭಯ.

ಅನಿತಾ ಲೈಫ್ ಜಾಕೆಟ್ ಹಾಕಿಕೊಂಡು, ಕಾಲಿಗೆ ಹಲಗೆ ಬಿಗಿದು, ಹಗ್ಗ ಹಿಡಿದು ಕೆರೆಗಿಳಿದಳು. ಭಾವ ಬೋಟು ಬಿಟ್ಟರು, ತುಂಬು ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವಷ್ಟು ಮೆಲ್ಲಗೆ. ಅವಳು ಅರ್ಧ ಎದ್ದಳು, ಮುಳುಗಿದಳು. ಮತ್ತೆ ಎದ್ದಳು, ಮತ್ತೆ ಮುಳುಗಿದಳು. ಅವಳು ಮುಳುಗಿದಷ್ಟೂ ಭಾವ ಇನ್ನಷ್ಟು ಮೆಲ್ಲಗೆ ಓಡಿಸಿದರು!

ನೀರು ಉಗುಳುತ್ತ ಅನಿತಾ ಕೂಗಿದಳು. "ಅಪ್ಪಾ, ನೀನ್ ಮೆಲ್ಲಗೆ ಹೋಗ್ತಿರೋದಕ್ಕೇ ನಾನ್ ಮುಳುಗ್ತಿರೋದು! ಜೋರಾಗಿ ಎಳಿ!"

"ಬಿದ್ರೆ ಏಟಾಗ್ತದಮ್ಮಾ!"

"ಬಿದ್ರೆ ಎದ್ದೇಳ್ತೀನಿ ಕಣಪ್ಪಾ!"

ಅಕ್ಕನಿಗೆ ಸಿಟ್ಟು ಬಂದರೆ ಬಾಯಲ್ಲಿ ತೆಲುಗೇ ಬರುವುದು. "ಪೋನಿಯ್ಯಂಡಿ! ಇಂಕಾ ಪಸಿಬಿಡ್ಡಾ ಅದಿ?" (ಬಿಡ್ರೀ, ಇನ್ನೂ ಹಸುಗೂಸಾ ಅವಳು?)

ಭಾವ ಆಕ್ಸಿಲರೇಟರ್ ಪೂರ್ತಿ ತಿರುಗಿಸಿಬಿಟ್ಟರು. ಮೋಟರ್ ಅಬ್ಬರಿಸಿತು, ನಾನು ಮರಳು ಮೂಟೆಯ ಮೇಲೆ ಉರುಳಿದೆ. ತಲೆ ಎತ್ತಿದರೆ ಅನಿತಾ ನೀರಿನ ಮೇಲೆ ನಿಂತಿದ್ದಾಳೆ! ಒದ್ದೆ ಕೂದಲು ಮುಖಕ್ಕೆಲ್ಲ ಅಂಟಿದೆ, ಬಾಯ್ತುಂಬಾ ನಗುತ್ತಿದ್ದಾಳೆ. ನನಗೆ ಅಳು ಬಂತು. ಅಕ್ಕ ಆಗಲೇ ಶುರು ಮಾಡಿದ್ದಳು.

"ನಿಂತವ್ಳಾ? ನಿಂತವ್ಳಾ?" ಎಂದು ಭಾವ ಕೇಳುತ್ತಲೇ ಇದ್ದರು. ಹಿಂದೆ ತಿರುಗಿ ನೋಡುವ ಧೈರ್ಯ ಆ ಮನುಷ್ಯನಿಗೆ ಇರಲಿಲ್ಲ.

"ನಿಂತವ್ಳೆ ಭಾವಾ, ನಗ್ತವ್ಳೆ" ಎಂದೆ.

ದಡಕ್ಕೆ ಬಂದ ಮೇಲೆ ಭಾವ ಮಗಳಿಗೆ ಟವೆಲ್ ಕೊಟ್ಟರು. ಮೋಟರಿನ ನೀರು ಒರೆಸಿದರು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು. ಅವಳ ಮುಖ ನೋಡದೆ ಕೇಳಿದರು:

"ಮಾಲೂರಲ್ಲಿ ರೂಮ್ ನೋಡೋಕೆ ಯಾವತ್ತು ಹೋಗಣಮ್ಮಾ?"