ಮೇಷ್ಟ್ರ ಬಲಗಾಲು

ಖಾಲಿ ಕುರ್ಚಿ ಕಂಡರೆ ಕೂತುಬಿಡುವುದು ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಹಳೆಯ ಚಾಳಿ. ಜೀವಮಾನವೆಲ್ಲ ಇನ್ನೊಬ್ಬರು ಓಡಿಸುವ ಕಾರಿನ ಪಕ್ಕದ ಸೀಟಿನಲ್ಲಿ ಕೂತೇ ಹೊಟ್ಟೆ ಹೊರೆದವರು. ಕೂರುವ ಮೊದಲು ಯಾರನ್ನಾದರೂ ಒಂದು ಮಾತು ಕೇಳಬೇಕು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಆ ಶನಿವಾರ ಪೋಕರ್ ಪಂದ್ಯದ ಹಾಲಿಗೆ ಕಾಲಿಟ್ಟಾಗಲೂ ಹಾಗೇ ಆಯಿತು. ಹಸಿರು ಬಟ್ಟೆ ಹೊದ್ದ ಮೇಜೊಂದರ ಬಳಿ ಕುರ್ಚಿ ಖಾಲಿ ಇತ್ತು, ಮೇಷ್ಟ್ರ ಮಂಡಿ ನೋಯುತ್ತಿತ್ತು, ಕೂತರು. ಎಲೆ ಹಂಚುವ ಹೆಂಗಸು ತಲೆ ಎತ್ತದೆ, ಎಲ್ಲರಿಗೂ ಹಂಚಿದ ಹಾಗೆ ಅವರ ಮುಂದೆಯೂ ಎರಡು ಇಸ್ಪೀಟು ಎಲೆ ಜಾರಿಸಿದಳು. ಕೊಟ್ಟಿದ್ದನ್ನು ಬೇಡ ಅನ್ನುವುದು ಮರ್ಯಾದೆಯಲ್ಲ ಎಂದು ಮೇಷ್ಟ್ರು ಅವನ್ನು ಎತ್ತಿ, ಕನ್ನಡಕ ಸರಿಮಾಡಿಕೊಂಡು, ಬೆಳಕಿಗೆ ಹಿಡಿದು ನೋಡಿದರು.

“ಎರಡೂ ರಾಜನೇ ಬಂದಿದೆಯಲ್ಲಮ್ಮ,” ಎಂದು ಇಡೀ ಮೇಜಿಗೆ ಕಾಣುವ ಹಾಗೆ ಅಂಗಾತ ಇಟ್ಟರು. “ಇದು ಒಳ್ಳೇದಾ, ಕೆಟ್ಟದ್ದಾ?”

ಮೇಜಿನ ಸುತ್ತ ಕೂತವರು ಹೊಟ್ಟೆನೋವು ಬಂದವರ ಹಾಗೆ ನರಳಿದರು. ಅಷ್ಟರಲ್ಲಿ ಕುರ್ಚಿಯ ನಿಜವಾದ ವಾರಸುದಾರ ಕಾಫಿ ಲೋಟ ಹಿಡಿದು ಓಡೋಡಿ ಬಂದ. ಕೆಂಪು ಟೋಪಿಯ ದಢೂತಿ ಮನುಷ್ಯ. ತೆರೆದಿಟ್ಟ ರಾಜರಿಬ್ಬರನ್ನೂ ನೋಡಿ ಅವನ ಕಾಫಿ ಅರ್ಧ ಚೆಲ್ಲಿತು.

“ಬೆಳಗ್ಗಿಂದ ಕಾದಿದ್ದೇ ಅಂಥಾ ಎಲೆಗೆ ಕಣ್ರೀ! ನನ್ನ ಕುರ್ಚೀಲಿ ಏನ್ ಮಾಡ್ತಿದ್ದೀರಿ ನೀವು?”

“ಕಾಲು ನೋಯ್ತಿತ್ತು ಸ್ವಾಮಿ.”

“ಯಾರ ಕಡೆಯವರು?”

ಮೇಷ್ಟ್ರು ಮೂರನೆಯ ಮೇಜಿನ ಕಡೆ ಬೆರಳು ತೋರಿಸಿ, “ಅವರ ಯಜಮಾನ್ರು,” ಎಂದರು, ಸ್ವಲ್ಪ ಹೆಮ್ಮೆಯಿಂದಲೇ. ಅಲ್ಲಿ ಕೂತಿದ್ದ ‘ಅವರು’ ಒಮ್ಮೆ ತಿರುಗಿ ನೋಡಿದರು. ಬಸ್ಸಿನಲ್ಲಿ ಬೇರೆ ಯಾರದೋ ಮಗು ಕಿರುಚಿಕೊಂಡಾಗ ನೋಡುತ್ತೇವಲ್ಲ, ಹಾಗೆ.

ಆ ‘ಅವರು’ ಆಸ್ಪತ್ರೆಯಲ್ಲಿ ಕಿವಿ ಮೇಡಂ ಎಂದೇ ಪ್ರಸಿದ್ಧರು. ಶ್ರವಣ ಪರೀಕ್ಷೆ ಮಾಡುವುದು ಅವರ ಕೆಲಸ. ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಗೂಡಿನಂಥ ಕೋಣೆ. ಒಳಗೆ ಹೆಡ್‌ಫೋನ್ ಹಾಕಿಕೊಂಡ ರೋಗಿ, ಗಾಜಿನ ಈಚೆ ಮೇಡಂ. ಸದ್ದು ಕೇಳಿಸಿದರೆ ರೋಗಿ ಒಂದು ಗುಂಡಿ ಒತ್ತಬೇಕು, ಅಷ್ಟೆ. ಆದರೆ ಮನುಷ್ಯರು ಅಷ್ಟು ಸರಳವಾಗಿ ಒತ್ತುತ್ತಾರೆಯೇ? ಸೊಸೆಯ ಮುಂದೆ ಕಿವುಡ ಅನ್ನಿಸಿಕೊಳ್ಳಲು ಒಲ್ಲದ ಮುದುಕ ಏನೂ ಕೇಳಿಸದಿದ್ದರೂ ಅಂದಾಜಿನ ಮೇಲೆ ಒತ್ತುತ್ತಲೇ ಇರುತ್ತಾನೆ. ಕಾರ್ಖಾನೆಯಿಂದ ಪರಿಹಾರ ಸಿಗಲಿ ಎಂದು ಬಂದವನು ಪಕ್ಕದಲ್ಲಿ ತೋಪು ಹಾರಿಸಿದರೂ ಕಲ್ಲಿನಂತೆ ಕೂರುತ್ತಾನೆ. ಇಬ್ಬರ ರೆಪ್ಪೆಗಳಲ್ಲೇ ನಿಜ ಓದುತ್ತ ಮೇಡಂ ತಮ್ಮ ಪಾಡಿಗೆ ಪರೀಕ್ಷೆಯ ಹಾಳೆಯಲ್ಲಿ ಗೀಟು ಎಳೆಯುತ್ತಾರೆ.

ಪೋಕರ್ ಅಂಟಿದ್ದೂ ಆಸ್ಪತ್ರೆಯಲ್ಲೇ. ಊಟದ ಬಿಡುವಿನಲ್ಲಿ ಎಕ್ಸ್‌ರೇ ವಿಭಾಗದವರು ಮುರಿದ ಸ್ಟ್ರೆಚರ್ ಮೇಲೆ ಆಡುತ್ತಿದ್ದರು. ಒಂದು ದಿನ ಕೈ ಸಾಲದೆ ಮೇಡಂ ಅವರನ್ನು ಕರೆದರು. ಸ್ವಲ್ಪ ದಿನಗಳಲ್ಲೇ ಕರೆಯುವುದನ್ನು ನಿಲ್ಲಿಸಿದರು. ಹಾಗಾಗಿ ಮೇಡಂ ಪಂದ್ಯಗಳಿಗೆ ಹೊರಟರು. ಅಲ್ಲಿ ಎಲ್ಲರಿಗೂ ಒಂದೇ ಲೆಕ್ಕದ ಬಿಲ್ಲೆ ಕೊಡುತ್ತಾರೆ. ಬಿಲ್ಲೆ ಮುಗಿದವರು ಎದ್ದು ಮನೆಗೆ ಹೋಗಬೇಕು. ಕೊನೆಗೆ ಉಳಿದ ಒಂಬತ್ತು ಮಂದಿ ಕೊನೆಯ ಮೇಜಿಗೆ. ಮೂರು ವರ್ಷ ಆಡಿದರೂ ಮೇಡಂ ಆ ಮೇಜನ್ನು ದೂರದಿಂದಷ್ಟೇ ಕಂಡಿದ್ದರು.

ಈ ನಡುವೆ ಒಂದು ಭಾನುವಾರ ಮೇಷ್ಟ್ರ ಅಕ್ಕನ ಮನೆಯವರೆಲ್ಲ ಊಟಕ್ಕೆ ಬಂದರು. ಮೇಡಂ ಪಂದ್ಯದಲ್ಲಿ, ಮೇಷ್ಟ್ರು ಒಲೆಯ ಮುಂದೆ. ಅಕ್ಕ ತಟ್ಟೆಯನ್ನು ಅರ್ಧಕ್ಕೇ ಸರಿಸಿ, “ಪಾಪ, ಈ ವಯಸ್ಸಲ್ಲಿ ನಿನಗೆ ಒಲೆ ಮುಂದೆ ನಿಲ್ಲೋ ಗತಿ ಬಂತು ಕಣೋ,” ಅಂದಳು. ಆ ಸಿಟ್ಟನ್ನೆಲ್ಲ ಮೇಷ್ಟ್ರು ಸಂಜೆ ಹೆಂಡತಿಯ ಮೇಲೆ ಇಳಿಸಿದರು. “ಮುಂದಿನ ಸಲ ಕೊನೇ ಮೇಜು ಸಿಕ್ಕಿದ್ರೆ ಆಮೇಲೂ ಆಡು. ಇಲ್ದಿದ್ರೆ ಇದಕ್ಕೆಲ್ಲ ಮಂಗಳ ಹಾಡು.”

“ಆಯ್ತು,” ಎಂದರು ಮೇಡಂ.

ವಾದ ಮಾಡಿದ್ದರೆ ಮೇಷ್ಟ್ರು ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ, ಅಂತೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ವಾದವಿಲ್ಲದ ಈ ‘ಆಯ್ತು’ ಗಂಟಲಲ್ಲಿ ಮುಳ್ಳಾಗಿ ಕೂತಿತು. ಅಂದಿನಿಂದ ಪಾತ್ರೆ ತೊಳೆಯುವಾಗ ಮೇಡಂ ಗುನುಗುತ್ತಿದ್ದ ಹಾಡೂ ನಿಂತುಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾವೇ ಒಡೆದ ಮುತ್ತಿನ ಚೂರು ಆಯಲೆಂದು ಮೇಷ್ಟ್ರು ಈ ಸಲ ಪಂದ್ಯ ನೋಡಲು ಬಂದಿದ್ದರು. ಬಂದ ಕೂಡಲೇ ಬೇರೆಯವರ ಕುರ್ಚಿಯಲ್ಲಿ ಕೂತಿದ್ದರು.

ಸಂಜೆಯ ಹೊತ್ತಿಗೆ ಹಾಲಿನಲ್ಲಿ ಹತ್ತೇ ಮಂದಿ ಉಳಿದರು, ಎರಡು ಮೇಜಿಗೆ ಐದೈದು. ಇನ್ನೊಬ್ಬರು ಎದ್ದರೆ ಉಳಿದವರದು ಕೊನೆಯ ಮೇಜು. ಮೇಡಂ ಇನ್ನೂ ಕೂತಿದ್ದರು. ಅವರ ಎದುರಿಗೇ ಕೆಂಪು ಟೋಪಿಯವನನ್ನು ತಂದು ಕೂರಿಸಿದ್ದರು. ಮೇಡಂ ಬೆನ್ನ ಹಿಂದೆ ಒಂದು ಹಗ್ಗ, ಹಗ್ಗದಾಚೆ ನೋಡುವವರಿಗೆಂದು ಹಾಕಿದ ಎತ್ತರದ ಮರದ ಹಲಗೆಯ ಮೇಲೆ ನಿಂತ ಮೇಷ್ಟ್ರು.

ಇಲ್ಲಿ ಮೇಷ್ಟ್ರ ಒಂದು ಗುಟ್ಟು ಹೇಳಬೇಕು. ಮೇಡಂ ಸುಳ್ಳು ಹೇಳುವಾಗ ಅವರ ಎಡ ಅಂಗೈ ತಾನಾಗಿ ಮೇಜಿನ ಬಟ್ಟೆ ಸವರುತ್ತದೆ, ಇಲ್ಲದ ಸುಕ್ಕನ್ನು ಬಿಡಿಸುವ ಹಾಗೆ. “ಅಯ್ಯೋ ಬನ್ನಿ ಅತ್ತಿಗೆ, ನಾವು ಮನೇಲೇ ಇರ್ತೀವಿ” ಎಂದು ಫೋನಿನಲ್ಲಿ ಹೇಳುವಾಗ ಸವರುತ್ತದೆ. “ನಿಮ್ಮ ಅಡುಗೆ ಚೆನ್ನಾಗಿದೆ” ಎನ್ನುವಾಗಲೂ ಸವರುತ್ತದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮೇಷ್ಟ್ರ ಕೈಯಲ್ಲಿದ್ದ ತುರುಪು ಅದೊಂದೇ. ಯಾರಿಗೂ ಹೇಳದೆ ಜೋಪಾನ ಮಾಡಿಕೊಂಡಿದ್ದರು.

ಈಗ ಮೇಡಂ ಬಿಲ್ಲೆಗಳ ಒಂದು ಎತ್ತರದ ಕಂಬವನ್ನು ಮುಂದಕ್ಕೆ ತಳ್ಳಿದರು. ಅಂಗೈ ಹಸಿರು ಬಟ್ಟೆಯ ಮೇಲೆ ಮೆತ್ತಗೆ ಸವರಿತು.

ಕೈಯಲ್ಲಿ ಏನೂ ಇಲ್ಲ, ಬರೀ ಬ್ಲಫ್! ಮೇಷ್ಟ್ರ ಬಲಗಾಲು ಹಲಗೆಯನ್ನು ಒತ್ತಿತು. ಟಪ್.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಬುಡಕ್ಕೂ ಒಂದು ಬ್ರೇಕಿದೆ. ಊರಿನ ಎಷ್ಟೋ ಗೇಟು, ಕಂಬ, ಪಾದಚಾರಿಗಳು ಇವತ್ತಿಗೂ ನೆಟ್ಟಗಿರುವುದು ಆ ಬ್ರೇಕಿನ ಪುಣ್ಯದಿಂದ. ಅಪಾಯ ಕಂಡರೆ ಸಾಕು, ಕಾಲು ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ.

ಟೋಪಿಯವನ ಕಣ್ಣು ಮೇಡಂ ಮುಖದಿಂದ ಭುಜ ದಾಟಿ ಮೇಷ್ಟ್ರ ಬೂಟಿಗೆ ಇಳಿಯಿತು. “ನೋಡೇ ಬಿಡೋಣ,” ಎಂದು ಅಷ್ಟೇ ಬಿಲ್ಲೆ ಸುರಿದ. ಮೇಡಂ ಎಲೆ ತೆರೆದರು. ಏನೂ ಇರಲಿಲ್ಲ. ರಾಶಿಯಲ್ಲಿ ದೊಡ್ಡ ಪಾಲು ಮೇಜಿನಾಚೆ ಹೋಯಿತು.

ಇನ್ನೊಂದು ಸುತ್ತಿನಲ್ಲೂ ಇದೇ ಕತೆ: ಅಂಗೈ ಸವರಿತು, ಕಾಲು ಟಪ್ ಎಂದಿತು, ಟೋಪಿಯವ ಬೂಟು ನೋಡಿದ, ಮೇಡಂ ಸೋತರು. ಆಗ ಮೇಷ್ಟ್ರಿಗೆ ಹೊಳೆಯಿತು. ಹೆಂಡತಿಯ ಗುಟ್ಟನ್ನು ತಾವೇ ನಿಂತಲ್ಲಿಂದ ಡಂಗುರ ಸಾರುತ್ತಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ!

ಬಿಡುವಿನಲ್ಲಿ ಮೇಡಂ ನೀರು ಕುಡಿಯಲು ಹಗ್ಗದ ಬಳಿ ಬಂದರು.

“ಕಾಲಿಗೆ ಏನಾಗಿದೆ ರೀ?”

“ಏನಿಲ್ಲ. ಜೋಮು.”

“ಯಾವ ಕಾಲು?”

“ಬಲಗಾಲು.”

“ಹ್ಞೂಂ.”

“ನಾನು ಹೋಗಿ ಕಾರಲ್ಲಿ ಕೂತಿರ್ತೀನಿ ಕಣೇ. ಇಲ್ಲಿ ವಿಪರೀತ ಸೆಕೆ.”

“ಬೇಡ. ಇಲ್ಲೇ ಇರಿ. ನಿಂತಿರೋ ಜಾಗ ಬಿಟ್ಟು ಅಲ್ಲಾಡಬೇಡಿ.” ಮೇಡಂ ಲೋಟ ಕೆಳಗಿಟ್ಟರು. “ನೀವು ಹಿಂದೆ ಇದ್ರೆ ನಂಗೊಂದು ಧೈರ್ಯ.”

ಹಾಗೆನ್ನುವಾಗ ಅವರ ಅಂಗೈ ನೀರಿನ ಕ್ಯಾನಿಟ್ಟ ಮೇಜನ್ನು ಸವರಿತೇ ಎಂದು ನೋಡುವುದು ಮೇಷ್ಟ್ರಿಗೆ ಹೊಳೆಯಲಿಲ್ಲ. ಕಣ್ಣು ಮಂಜಾಗಿತ್ತು. ಮದುವೆಯಾದ ಹೊಸತರಲ್ಲೂ ಯಾರೂ ಅವರಿಗೆ ಇಂಥ ಮಾತು ಹೇಳಿರಲಿಲ್ಲ.

ಆಟ ಮತ್ತೆ ಶುರುವಾಯಿತು. ಟೋಪಿಯವನೂ ಅಷ್ಟರಲ್ಲಿ ಬೇರೆಯವರಿಗೆ ಒಂದಿಷ್ಟು ಕಳೆದುಕೊಂಡು, ಅವನ ರಾಶಿಯೂ ಮೇಡಂ ರಾಶಿಯೂ ಹೆಚ್ಚುಕಡಿಮೆ ಸಮವಾಗಿದ್ದವು. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬಿಚ್ಚಿ ಬಿದ್ದಿತ್ತು: ಒಂದು ರಾಣಿ, ಎರಡು ಒಂಬತ್ತು, ಇನ್ನೆರಡು ಯಾವುದಕ್ಕೂ ಬಾರದ ಪುಡಿ ಎಲೆ. ಉಳಿದವರು ಕೈ ಬಿಟ್ಟಿದ್ದರು. ಮೇಡಂ ಮತ್ತು ಟೋಪಿಯವ, ಇಬ್ಬರೇ.

“ಆಲ್ ಇನ್,” ಎಂದರು ಮೇಡಂ. ಎಲ್ಲ ಬಿಲ್ಲೆಯನ್ನೂ ಎರಡು ಕೈಯಲ್ಲಿ ತಬ್ಬಿ ಮುಂದಕ್ಕೆ ತಳ್ಳಿದರು. ಆಮೇಲೆ ಎಡ ಅಂಗೈಯಿಂದ ಬಟ್ಟೆ ಸವರಿದರು.

ದೇವರೇ! ಮೇಷ್ಟ್ರು ಎಡಗಾಲಿನಿಂದ ಬಲಗಾಲನ್ನು ತುಳಿದು ಹಿಡಿದರು. ಕೊಕ್ಕರೆಯ ಹಾಗೆ ನಿಂತು, ಹಲ್ಲು ಕಚ್ಚಿ, ಎದುರಿನ ಗೋಡೆಯ ಗಡಿಯಾರವನ್ನೇ ನೋಡಿದರು. ಈ ಕೈ ಸೋತರೆ ಮೇಡಂ ಎದ್ದು ಬರುತ್ತಾರೆ. ‘ಆಯ್ತು’ ಎಂದಿದ್ದವರು ‘ಆಯ್ತು’ ಎಂದೇ ಬಿಟ್ಟುಬಿಡುತ್ತಾರೆ. ಪಾತ್ರೆಗಳು ಇನ್ನು ಸಾಯುವತನಕ ಹಾಡಿಲ್ಲದೆ ತೊಳೆಸಿಕೊಳ್ಳುತ್ತವೆ.

ಟೋಪಿಯವನಿಗೆ ಅವಸರವಿರಲಿಲ್ಲ. ತನ್ನ ಎಲೆ ನೋಡಿದ. ಮೇಡಂ ಮುಖ ನೋಡಿದ. ಅದು ಗಾಜಿನ ಈಚೆಯ ಮುಖ, ಅಲ್ಲಿ ಯಾರಿಗೂ ಏನೂ ಸಿಕ್ಕಿದ್ದಿಲ್ಲ. ಆಮೇಲೆ ಮೇಷ್ಟ್ರ ಬೂಟು ನೋಡಿದ. ಬೂಟು ಸುಮ್ಮನಿತ್ತು. ಅವನ ಹುಬ್ಬು ಗಂಟಿಕ್ಕಿತು. ಬೆರಳು ಎಲೆಗಳ ಮೇಲೆ ಹೋಯಿತು, ಎಸೆದು ಕೈ ಬಿಡುವವನ ಹಾಗೆ.

ಬಿಡಪ್ಪಾ, ಬಿಡು, ಎಂದು ಮೇಷ್ಟ್ರು ಒಳಗೊಳಗೇ ಅಂಗಲಾಚಿದರು.

ಮೇಡಂ ಇನ್ನೊಂದು ಸಲ ಬಟ್ಟೆ ಸವರಿದರು. ನಿಧಾನವಾಗಿ, ಈ ತುದಿಯಿಂದ ಆ ತುದಿಯವರೆಗೆ.

ಮೇಷ್ಟ್ರ ಬಲಗಾಲು ಎಡಗಾಲಿನಡಿಯಿಂದ ಕಿತ್ತುಕೊಂಡು ಹಲಗೆಗೆ ಬಡಿಯಿತು. ಟಪ್!

ಟೋಪಿಯವನ ಮುಖ ಅರಳಿತು. “ಉಪಕಾರ ಆಯ್ತು ಯಜಮಾನ್ರೇ,” ಎಂದು ಇದ್ದಬದ್ದ ಬಿಲ್ಲೆಯನ್ನೆಲ್ಲ ತಳ್ಳಿ, ಒಂದು ಎಕ್ಕ, ಒಂದು ರಾಣಿ ತೆರೆದಿಟ್ಟ. “ರಾಣಿ ಜೋಡಿ, ಒಂಬತ್ತರ ಜೋಡಿ. ನಿಮ್ಮದೇನು ತೋರ್ಸಿ ಮೇಡಂ.”

ಮೇಷ್ಟ್ರು ಕಣ್ಣು ಮುಚ್ಚಿದರು. ಎಲೆ ಮಗುಚಿದ ಸಣ್ಣ ಸದ್ದು. ಆಮೇಲೆ ಯಾರೋ “ಅಯ್ಯಯ್ಯೋ” ಅಂದರು. ಗಂಡಸಿನ ಧ್ವನಿ.

ಕಣ್ಣು ತೆರೆದರೆ ಮೇಡಂ ಮುಂದೆ ಇಬ್ಬರು ರಾಣಿಯರು. ಮೇಜಿನ ಮೇಲಿನವಳೂ ಸೇರಿ ಮೂವರು ರಾಣಿ, ಜೊತೆಗೆ ಎರಡು ಒಂಬತ್ತು. ಎರಡು ಜೋಡಿಯನ್ನು ಅಪ್ಪಚ್ಚಿ ಮಾಡುವ ಕೈ.

ಎಲೆ ಹಂಚುವವಳು ಎರಡೂ ರಾಶಿಯನ್ನು ಪಕ್ಕಪಕ್ಕ ನಿಲ್ಲಿಸಿ ಎಣಿಸಿದಳು. ಮೇಡಂ ರಾಶಿ ಒಂದೆರಡು ಬಿಲ್ಲೆಯಷ್ಟು ಎತ್ತರವಿತ್ತು. ಟೋಪಿಯವನ ಆಟ ಮುಗಿಯಿತು. ಒಂಬತ್ತು ಮಂದಿ ಉಳಿದರು. ಅವನು ಎದ್ದು ಹೋಗುವಾಗ ಹಗ್ಗದ ಬಳಿ ನಿಂತು ಮೇಷ್ಟ್ರ ಬೂಟನ್ನು ಕೊನೆಯ ಸಲ ನೋಡಿದ.

“ಈ ಕಾಲು ಬಾಡಿಗೆಗೆ ಸಿಗುತ್ತಾ?”

ಕೊನೆಯ ಮೇಜಿನ ಆಟ ಮರುದಿನಕ್ಕೆ. ಮನೆಗೆ ಹೊರಟಾಗ ಡ್ರೈವಿಂಗ್ ಸ್ಕೂಲಿನ ಕಾರನ್ನು ಮೇಡಂ ಓಡಿಸಿದರು, ಮೇಷ್ಟ್ರು ಪಕ್ಕದ ಸೀಟಿನಲ್ಲಿ. ಮೊದಲ ತಿರುವು ದಾಟಿದ ಮೇಲೆ ಮೇಷ್ಟ್ರು ಕೇಳಿದರು:

“ನನಗೆ ಬೆನ್ನು ಹಾಕಿ ಕೂತಿದ್ದೆ. ನನ್ನ ಕಾಲು ಹೇಗೆ ಕಾಣಿಸ್ತು?”

“ಕಾಣಿಸ್ಲಿಲ್ಲ. ಕೇಳಿಸ್ತು. ಎರಡನೇ ಸಲ ಅವನ ಕಣ್ಣು ಎಲ್ಲಿಗೆ ಹೋಯ್ತು ನೋಡ್ದೆ.”

“ಹಾಗಾದ್ರೆ ಆ ಮೇಜು ಸವರೋದು?”

“ಮೊದ್ಲೆಲ್ಲ ನಂಗೇ ಗೊತ್ತಿಲ್ದೆ ಸವರ್ತಿದ್ದೆ ಅನ್ಸುತ್ತೆ. ಕೈ ಆಡಿದ ಕೂಡ್ಲೇ ಹಿಂದೆ ಟಪ್ ಅಂತಿತ್ತಲ್ಲ, ನಿಮ್ಮ ಕಾಲೇ ಹೇಳಿಕೊಡ್ತು. ಕೊನೇ ಸಲ ಬೇಕೂಂತ್ಲೇ.” ಮೇಡಂ ಗೇರು ಬದಲಿಸಿದರು. “ನಾಳೆನೂ ಬನ್ನಿ. ಇದೇ ಬೂಟು ಹಾಕ್ಕೊಂಡು ಬನ್ನಿ.”

ಇಪ್ಪತ್ತೆರಡು ವರ್ಷ ಜೋಪಾನ ಮಾಡಿದ ತುರುಪು ಹೀಗೆ ಒಂದೇ ಸಂಜೆಯಲ್ಲಿ ಕೈಬಿಟ್ಟಿತು. ಮೇಷ್ಟ್ರಿಗೆ ಸಂಕಟವಾಗಬೇಕಿತ್ತು, ಆಗಲಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಪಕ್ಕದಿಂದ ಒಂದು ಸಣ್ಣ ಗುನುಗು ಕೇಳಿಸುತ್ತಿತ್ತು. ಪಾತ್ರೆ ತೊಳೆಯುವಾಗಿನ ಅದೇ ಹಾಡು. ಅದು ಒಂದು ಚರಣ ಮುಗಿಯುವ ತನಕ ಕಾದು, ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಇನ್ನು ಮುಂದೆ ತಿಳಿಯುವ ದಾರಿಯೇ ಇಲ್ಲದ್ದರಿಂದ ಬಾಯಿಬಿಟ್ಟೇ ಕೇಳಬೇಕಿತ್ತು.

“ನಿಜ ಹೇಳು. ನನ್ನ ಅಡುಗೆ ಚೆನ್ನಾಗಿರುತ್ತಾ?”

ಮೇಡಂ ಎಡ ಅಂಗೈಯಿಂದ ಡ್ಯಾಶ್‌ಬೋರ್ಡನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸವರಿದರು.

“ತುಂಬಾ ಚೆನ್ನಾಗಿರುತ್ತೆ ಕಣ್ರೀ,” ಎಂದರು.