ಕೆಂಚನ ಹೊಟ್ಟೆ ಕೆಟ್ಟಾಗ

ಅಕ್ಕಿಹೆಬ್ಬಾಳಿನ ಧರ್ಮೇಂದ್ರ ಕೆ.ಆರ್. ಪೇಟೆಯಿಂದ ಮೈಸೂರಿಗೆ ಪ್ರೈವೇಟ್ ಬಸ್ಸು ಓಡಿಸುತ್ತಿದ್ದ. ಪಾಂಡವಪುರದ ಹತ್ತಿರ ಒಂದು ದಿನ, ಟ್ರಾಕ್ಟರಿನಿಂದ ಉದುರಿದ್ದ ಕಬ್ಬಿನ ಜಲ್ಲೆಯ ಮೇಲೆ ಬೈಕೊಂದು ಜಾರಿ, ಅದರ ಸವಾರ ಬಸ್ಸಿನ ಹಿಂದಿನ ಚಕ್ರಕ್ಕೆ ಸಿಕ್ಕಿ ಸತ್ತ. ಡ್ರೈವರನದು ತಪ್ಪಿಲ್ಲವೆಂದು ಪೊಲೀಸರೂ ಹೇಳಿದರು, ನೋಡಿದವರೂ ಹೇಳಿದರು. ಧರ್ಮೇಂದ್ರ ಎಲ್ಲಕ್ಕೂ ತಲೆಯಾಡಿಸಿ ಮನೆಗೆ ಬಂದು ಜಗಲಿಯ ಮೇಲೆ ಕೂತ. ಆಮೇಲೆ ಡ್ಯೂಟಿಗೆ ಹೋಗಲಿಲ್ಲ. ಅಳಲಿಲ್ಲ, ಕುಡಿಯಲೂ ಇಲ್ಲ. ಇಕ್ಕಿದರೆ ಉಣ್ಣುತ್ತಿದ್ದ, ಕರೆದರೆ ತಿರುಗುತ್ತಿದ್ದ, ಅಷ್ಟೆ.

ಹೆಂಡತಿ ಪುಷ್ಪ ಊರ ಸ್ಕೂಲಿನಲ್ಲಿ ಬಿಸಿಯೂಟ ಮಾಡುವವಳು. ಅವಳು ಕೆಲಸಕ್ಕೆ ಹೋದರೆ ಮನೆಯಲ್ಲಿ ಅವನು ಮತ್ತು ನಾಯಿ ಕೆಂಚ ಇಬ್ಬರೇ.

ಒಂದು ಮಧ್ಯಾಹ್ನ ಅವಳು ಬಂದು ನೋಡಿದರೆ ಜಗಲಿಯೆಲ್ಲ ಹೊಲಸು. ಕೆಂಚ ವಾಂತಿ ಮಾಡಿ, ನೀರುನೀರಾಗಿ ಭೇದಿಯೂ ಆಗಿ ಮೂಲೆಯಲ್ಲಿ ಬಿದ್ದಿತ್ತು. ಒಂದು ಮಾರು ಆಚೆಗೆ ಧರ್ಮೇಂದ್ರ ರಸ್ತೆ ನೋಡುತ್ತಾ ಕೂತಿದ್ದ. ಪುಷ್ಪ ಬೈಯಲಿಲ್ಲ. ನೀರು ಹೊಯ್ದು ತೊಳೆದು, ನಯಾಜ್‌ಗೆ ಫೋನು ಮಾಡಿದಳು. ಅವನು ಧರ್ಮೇಂದ್ರನ ಜೊತೆ ಓದಿದವನು, ಲಗೇಜ್ ಆಟೋ ಇಟ್ಟುಕೊಂಡಿದ್ದಾನೆ.

ಅವನು ಗಾಡಿಯ ಹಿಂದೆ ಗೋಣಿಚೀಲ ಹಾಸಿ, “ನಾಯಿನ ನೀನೇ ಇಡ್ಕೊ ಕಣ್ಲಾ, ನಾನು ಓಡಿಸ್ತೀನಿ” ಅಂದ. ಧರ್ಮೇಂದ್ರ ಕೆಂಚನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ. ಪೇಟೆ ತಲುಪುವಷ್ಟರಲ್ಲಿ ಅವನ ಲುಂಗಿ ಒದ್ದೆಯಾಗಿತ್ತು. ಅವನು ಅಲುಗಲಿಲ್ಲ.

ಪಶು ಆಸ್ಪತ್ರೆಯ ಡಾಕ್ಟರು ನಾಯಿಯ ತುಟಿ ಎತ್ತಿ ಒಸಡು ನೋಡಿದರು. ಏನು ತಿಂದಿತ್ತು ಅಂತ ಕೇಳಿದರು.

“ಗೊತ್ತಿಲ್ಲ ಸಾ.”

“ಮನೇಲಿ ಯಾರೂ ಇರಲಿಲ್ವಾ?”

“ನಾನೇ ಇದ್ದೆ. ಪಕ್ಕದಲ್ಲೇ ಕುಂತಿದ್ದೆ. ನೋಡ್ನಿಲ್ಲ.”

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಇವತ್ತು ಊಟ ಬೇಡ, ಓಆರ್‌ಎಸ್ ನೀರು ಸ್ವಲ್ಪಸ್ವಲ್ಪವೇ ಕುಡಿಸಿ, ನಾಳೆಯಿಂದ ಉಪ್ಪುಖಾರ ಇಲ್ಲದ ಮೆತ್ತನೆಯ ಅನ್ನ, ರಕ್ತ ಕಂಡರೆ ತಕ್ಷಣ ಕರಕೊಂಡು ಬನ್ನಿ ಅಂದರು.

ಧರ್ಮೇಂದ್ರ ಹಾಗೇ ಮಾಡಿದ. ಪ್ರೀತಿ ಉಕ್ಕಿ ಮಾಡಿದ್ದಲ್ಲ. ಡಾಕ್ಟರು ಹೇಳಿದ್ದರು, ಮಾಡಿದ. ಚಮಚದಲ್ಲಿ ನೀರು ಬಿಟ್ಟ. ಮಾರನೆಯ ದಿನ ಅನ್ನ ಕಿವುಚಿ ಇಟ್ಟ. ಕೆಂಚ ಎರಡು ಸಲ ನೆಕ್ಕಿ ಮುಖ ತಿರುಗಿಸಿದರೆ ತಟ್ಟೆ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಟ್ಟ. ಎದುರುಮನೆಯ ಚಿಕ್ಕಬೋರಮ್ಮ ಮಜ್ಜಿಗೆಗೆ ಬೆಳ್ಳುಳ್ಳಿ ಜಜ್ಜಿ ತಂದರು. “ಡಾಕ್ಟ್ರು ಇದ್ನ ಕೊಡಾಕೆ ಏಳಿಲ್ಲ ಅಜ್ಜಿ” ಅಂತ ವಾಪಸು ಕಳಿಸಿದ. ನಾಯಿ ಎದ್ದು ಹಿತ್ತಲಿಗೆ ಹೋದಾಗಲೆಲ್ಲ ಹಿಂದೆಯೇ ಹೋಗಿ ನೋಡಿ ಬಂದ. ಅಲ್ಲಿ ತಿಪ್ಪೆಯಲ್ಲಿ ಯಾರೋ ಎಸೆದ ಕೋಳಿ ಕರುಳು ಕಂಡಿತು. ಗುದ್ದಲಿ ತಂದು ಹೂತ.

ಇನ್ನೊಂದೆರಡು ದಿನ ಹೀಗೇ ನಡೆಯಿತು. ಒಂದು ಸಂಜೆ ಪುಷ್ಪ ಸೊಪ್ಪು ಬಿಡಿಸುತ್ತಿದ್ದಳು. ಅವನು ಹಿತ್ತಲಿಂದ ಬಂದು ನಿಂತ.

“ಇವತ್ತು ಗಟ್ಟಿಯಾಗಿ ಓಯ್ತು.”

ಏನೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆ ಅಪಘಾತದ ಮೇಲೆ ಅವನಾಗಿ ಆಡಿದ ಮೊದಲ ಮಾತು ಅದು.

“ಒಳ್ಳೇದಾಯ್ತು ಬುಡಿ” ಅಂದು ಸೊಪ್ಪಿಗೆ ಕೈ ಹಾಕಿದಳು.

ಅವನು ಮತ್ತೆ ಬಸ್ಸು ಹತ್ತಲಿಲ್ಲ. ಓನರ್ ಹೇಳಿಕಳಿಸಿದರೂ ಹೋಗಲಿಲ್ಲ. ಈಗ ನಯಾಜ್ ಜೊತೆ ಸಿಮೆಂಟು, ಬೂಸಾ ಮೂಟೆ ಇಳಿಸುವ ಕೆಲಸಕ್ಕೆ ಹೋಗುತ್ತಾನೆ. ಓಡಿಸು ಅಂತ ನಯಾಜ್ ಹೇಳಿಲ್ಲ. ಗಂಡ ಹೇಗಿದ್ದಾನೆ ಅಂತ ಕೇಳಿದವರಿಗೆ ಪುಷ್ಪ, ಬೆಳಿಗ್ಗೆ ಎದ್ದು ಹೋಗ್ತಾರೆ, ಸಂಜೆ ಬರ್ತಾರೆ ಅನ್ನುತ್ತಾಳೆ. ಅದಕ್ಕಿಂತ ಹೆಚ್ಚಿಗೆ ಅವಳಿಗೂ ಗೊತ್ತಿಲ್ಲ.